ಐದು ದಿನದ ಕಾಳಗ, ಹಲವು ವರ್ಷದ ಅಲೆದಾಟ

ಮದುವೆಯ ಜವಳಿಗೆಂದು ಅಂಗಡಿಗೆ ಹೋದಾಗ ಗದ್ವಾಲ ಸೀರೆ, ನಾರಾಯಣಪೇಟೆ ಸೀರೆ ಎಂಬ ಹೆಸರುಗಳನ್ನು ನಾವೆಲ್ಲರೂ ಕೇಳಿದ್ದೇವೆ. ಹತ್ತಿಯ ಒಡಲಿಗೆ ರೇಶ್ಮೆಯ ಅಂಚು ಸೆರಗುಗಳನ್ನು ಕೂಡಿಸುವ ಗದ್ವಾಲದ ನೇಯ್ಗೆ ನಮ್ಮ ಹೆಂಗಳೆಯರಿಗೆ ಅಪರಿಚಿತವಲ್ಲ. ಆದರೆ ಆ ಊರುಗಳು ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡದ ನೆರೆ ಎಂಬುದನ್ನು ಬಲ್ಲವರು ಕಡಮೆ. ಇಂದಿನ ತೆಲಂಗಾಣದಲ್ಲಿ ರಾಯಚೂರಿಗೆ ತಾಗಿಕೊಂಡಿರುವ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಗಳಲ್ಲಿ ತೆಲುಗು, ಕನ್ನಡ, ಉರ್ದು, ಮರಾಠಿಗಳು ಒಂದೇ ಸಂತೆಯಲ್ಲಿ ಬೆರೆಯುತ್ತವೆ. ಗದ್ವಾಲವಂತೂ 1956ರ ಅಕ್ಟೋಬರ್ ಕೊನೆಯವರೆಗೆ ರಾಯಚೂರು ಜಿಲ್ಲೆಯದೇ ತಾಲೂಕು. ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ದಿನವೇ ಅದು ಆಂಧ್ರಪ್ರದೇಶಕ್ಕೆ ಸೇರಿತು.

ಇಂದು ನಾವು ಹೇಳಹೊರಟಿರುವುದು ಗಡಿಯ ವಿವಾದವನ್ನಲ್ಲ. ಅದಕ್ಕೂ ಎಂಟು ವರ್ಷ ಹಿಂದೆ ಆ ನೆಲದ ಸುತ್ತ ನಡೆದ ಸಶಸ್ತ್ರ ಕಲಹ ಜನರ ಮನೆ, ಕಸುಬು, ಅನ್ನಗಳನ್ನು ಏನು ಮಾಡಿತು ಎಂಬುದನ್ನು.

ಹೊಳೆ ದಾಟಿದವರು

1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದರೂ ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತ ಒಕ್ಕೂಟಕ್ಕೆ ಸೇರಲು ಒಪ್ಪಲಿಲ್ಲ. ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆದರೆ ಹಳ್ಳಿಗಳಲ್ಲಿ ಯಥಾಸ್ಥಿತಿ ಉಳಿಯಲಿಲ್ಲ. ಖಾಸಿಂ ರಜ್ವಿಯ ಮುಂದಾಳುತನದ ರಜಾಕಾರರ ದಾಳಿ, ಸುಲಿಗೆ, ಬೆಂಕಿಗಳಿಗೆ ಹೆದರಿ ಜನ ಮನೆ ಬಿಟ್ಟರು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡದ ನೆನಪು ಅಲ್ಲಿ ಇಂದಿಗೂ ಮಾಸಿಲ್ಲ.

ಓಡಿಹೋಗುವುದೆಂದರೂ ಎಲ್ಲಿಗೆ? ಇಲ್ಲಿ ಭೂಗೋಳವನ್ನು ಸ್ವಲ್ಪ ಗಮನಿಸಬೇಕು. ಗದ್ವಾಲ ಕೃಷ್ಣಾ ತುಂಗಭದ್ರೆಗಳ ನಡುಗಡ್ಡೆಯ ಸೀಮೆ. ಅಲ್ಲಿಯವರು ತುಂಗಭದ್ರೆಯೊಂದನ್ನು ದಾಟಿದರೆ ಮದರಾಸು ಪ್ರಾಂತದ ಕರ್ನೂಲು ಸಿಗುತ್ತಿತ್ತು. ಮಕ್ತಲ್, ನಾರಾಯಣಪೇಟೆಗಳು ಕೃಷ್ಣೆಯ ಉತ್ತರಕ್ಕೆ, ಸಂಸ್ಥಾನದ ಒಳಮೈಯಲ್ಲಿ. ದಕ್ಷಿಣಕ್ಕೆ ಹೊರಟರೆ ಕೃಷ್ಣೆಯನ್ನು ದಾಟಿ, ನಿಜಾಮನದೇ ಆದ ರಾಯಚೂರು ಸೀಮೆಯನ್ನು ಹಾದು, ಮತ್ತೆ ತುಂಗಭದ್ರೆಯನ್ನು ದಾಟಬೇಕು. ಮಳೆಗಾಲದ ಆ ನದಿಗಳ ಸೆಳವನ್ನು ಹೊಳೆಯ ದಡದಲ್ಲಿ ಬಾಳುವ ನಮ್ಮವರಿಗೆ ವಿವರಿಸಬೇಕಾಗಿಲ್ಲ. ಗಡಿಯಂಚಿನವನಿಗೆ ಸಿಗುವ ಆಶ್ರಯ ಒಳನಾಡಿನವನಿಗೆ ಸಿಗದೆಂಬುದು ಎಲ್ಲ ಕಲಹಗಳ ಮೊದಲ ಪಾಠ.

ಗಡಿಯಾಚೆ ಮೊದಲು ಬಾಗಿಲು ತೆರೆದವರು ನೆರೆಯೂರಿನವರು. ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳೂ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರೂ ನಡೆಸಿದ ಶಿಬಿರಗಳು ಹೆಸರಾದವು. ಇವು ಹೋರಾಟದ ಠಾಣೆಗಳು. ಇಲ್ಲಿಂದ ಹೊರಟ ತರುಣರು ನಿಜಾಮನ ಸುಂಕದ ಕಟ್ಟೆಗಳ ಮೇಲೂ ಪೊಲೀಸ್ ಠಾಣೆಗಳ ಮೇಲೂ ಎರಗುತ್ತಿದ್ದರು. ಅನ್ನದ ಒಲೆಯೂ ಬಂದೂಕೂ ಒಂದೇ ಸೂರಿನಡಿ ಇದ್ದರೆ ಒಲೆಯೂ ಗುರಿಯಾಗುತ್ತದೆ ಎಂಬ ಇಕ್ಕಟ್ಟು ಇಂದಿಗೂ ಜಗತ್ತಿನ ನಿರಾಶ್ರಿತ ಶಿಬಿರಗಳನ್ನು ಕಾಡುತ್ತಿದೆ.

ಕಸುಬಿನ ಗತಿ

ಶಿವಾಜಿಯ ದಂಡು ಆ ದಾರಿಯಲ್ಲಿ ಬೀಡುಬಿಟ್ಟಾಗ ಜೊತೆಗಿದ್ದ ನೇಕಾರರು ನಾರಾಯಣಪೇಟೆಯಲ್ಲೇ ನಿಂತರೆಂದು ಐತಿಹ್ಯವಿದೆ. ದಂಡಿನೊಡನೆ ಬಂದ ಕಸುಬಿಗೂ ದಂಡೆಂದರೆ ಭಯವೇ. ಗುಂಡಿಮಗ್ಗವನ್ನು ಹೊತ್ತೊಯ್ಯಲಾಗದು. ಹಾಸುಹೊಕ್ಕಿನ ನಡುವೆ ಬಿಟ್ಟುಹೋದ ಸೀರೆಯೆಂದರೆ ವಾರಗಳ ದುಡಿಮೆ, ಸಾಹುಕಾರನಿಂದ ತಂದ ನೂಲು, ತೀರದ ಸಾಲ.

ರೈತನ ಪಾಡೂ ಬೇರೆಯಲ್ಲ. ಸರಕಾರದ ಲೆವಿ ಧಾನ್ಯದ ಭಾರ ಮೊದಲೇ ಇತ್ತು. ಎರೆಭೂಮಿಯಲ್ಲಿ ಹಿಂಗಾರಿ ಜೋಳ ಬಿತ್ತುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಸೈನ್ಯ ಒಳನುಗ್ಗಿದ್ದೂ ಅದೇ ಹೊತ್ತಿಗೆ. ಹದ ತಪ್ಪಿದರೆ ಇಡೀ ವರ್ಷದ ರೊಟ್ಟಿ ತಪ್ಪಿತು.

ಹಣದ ತೊಡಕು ಇನ್ನೊಂದು. ಸಂಸ್ಥಾನದ ನಾಣ್ಯ ಹಾಲಿ ಸಿಕ್ಕಾ. ಅಂಥ 7 ರೂಪಾಯಿಗೆ ಭಾರತದ 6 ರೂಪಾಯಿ ಎಂಬುದು ವಾಡಿಕೆಯ ದರ. ಯಥಾಸ್ಥಿತಿ ಒಪ್ಪಂದದ ಬೆನ್ನಿಗೇ ನಿಜಾಮ ಸರಕಾರ ಭಾರತದ ನಾಣ್ಯದ ಚಲಾವಣೆಯನ್ನು ತಡೆಯಿತು, ಚಿನ್ನ ಬೆಳ್ಳಿಗಳ ಸಾಗಣೆಯನ್ನೂ ನಿರ್ಬಂಧಿಸಿತು. ಹೊಳೆ ದಾಟುವವನ ಗಂಟು ಹೀಗೆ ಮೊದಲೇ ಹಗುರಾಯಿತು. ಭಾರತ ಸರಕಾರ ಬಿಗಿಮಾಡಿದ ಆರ್ಥಿಕ ದಿಗ್ಬಂಧನದಿಂದ ಔಷಧಿ, ಪೆಟ್ರೋಲುಗಳಿಗೂ ಕೊರತೆ ಬಿತ್ತು. ಕಡಲಿಲ್ಲದ ಆ ನಾಡಿಗೆ ಉಪ್ಪೂ ಹೊರಗಿನಿಂದಲೇ ಬರಬೇಕಿತ್ತು. ದಿಗ್ಬಂಧನ ಅರಮನೆಗೆಂದೇ ಹಾಕಿದ್ದಾದರೂ ಅದರ ಬಿಸಿ ತಟ್ಟುವುದು ಗುಡಿಸಲಿಗೆ.

ಎಣಿಕೆಗೆ ಬಾರದವರು

1948ರ ಸೆಪ್ಟೆಂಬರ್ 13ರ ಮುಂಜಾನೆ ಆರಂಭವಾದ ‘ಪೊಲೀಸ್ ಕಾರ್ಯಾಚರಣೆ’ 17ರ ಸಂಜೆ ನಿಜಾಮನ ಕದನವಿರಾಮ ಘೋಷಣೆಯೊಂದಿಗೆ ಮುಗಿಯಿತು. ಮರುದಿನ ಸೇನಾ ಶರಣಾಗತಿ. ಮೇಜರ್ ಜನರಲ್ ಜೆ.ಎನ್. ಚೌಧುರಿ ಸೇನಾ ರಾಜ್ಯಪಾಲರಾದರು. ಓಡಿಹೋದವರಿಗೆ ಊರಿನ ಹಾದಿ ತೆರೆಯಿತು. ನಮ್ಮ ಪಠ್ಯಪುಸ್ತಕಗಳ ಕಥೆ ಇಲ್ಲಿಗೆ ಮುಗಿಯುತ್ತದೆ.

ನಿಜವಾಗಿ ಮುಗಿದಿರಲಿಲ್ಲ. ಈ ಬಾರಿ ಸೇಡಿನ ಬೆಂಕಿ ಬಿದ್ದದ್ದು ರಜಾಕಾರನೂ ಅಲ್ಲದ, ಜಾಗೀರದಾರನೂ ಅಲ್ಲದ ಬಡ ಮುಸಲ್ಮಾನ ಮನೆಗಳ ಮೇಲೆ. ಪ್ರಧಾನಿ ನೆಹರೂ ಅವರ ಸೂಚನೆಯಂತೆ ಪಂಡಿತ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮುಂತಾದವರ ತಂಡ ಆ ವರ್ಷದ ಕೊನೆಯಲ್ಲಿ ಸಂಸ್ಥಾನವನ್ನು ಸುತ್ತಿತು. ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತು. ಗುಲ್ಬರ್ಗಾ, ಬೀದರ, ಉಸ್ಮಾನಾಬಾದ್, ನಾಂದೇಡಗಳಿಗೆ ಹೆಚ್ಚಿನ ಏಟು ಬಿದ್ದಿತ್ತು. ಆ ವರದಿ ದಶಕಗಳ ಕಾಲ ಕಪಾಟಿನಲ್ಲೇ ಉಳಿದು, 2013ರಲ್ಲಷ್ಟೇ ಸಾರ್ವಜನಿಕರ ಕೈಗೆ ಸಿಕ್ಕಿತು. ಮೊದಲು ಓಡಿದವರ ಕಣ್ಣೀರನ್ನು ನೆನೆದು ಅನಂತರ ಓಡಿದವರದನ್ನು ಮರೆತರೆ ಅದು ಅರ್ಧ ಲೆಕ್ಕ. ಎಣಿಕೆಗೆ ಬಾರದವನ ಪಾಲಿಗೆ ನೆರವೂ ಬಾರದು.

ನೆರವೆಂದರೆ ಏನು?

ಇದೇ ಸೀಮೆಯ ಪಕ್ಕದ ಸಿಂಧನೂರು ತಾಲೂಕಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರಕಾರ ಜಮೀನು ಕೊಟ್ಟು ನೆಲೆಗೊಳಿಸಿತು. ಅವರ ‘ಕ್ಯಾಂಪು’ಗಳು ಇಂದು ಊರುಗಳೇ ಆಗಿವೆ. ಗಂಜಿ ಒಂದು ದಿನಕ್ಕೆ, ಭೂಮಿ ಒಂದು ತಲೆಮಾರಿಗೆ ಎಂಬುದಕ್ಕೆ ಇದೇ ಸಾಕ್ಷಿ. ಆದರೂ ಪೌರತ್ವದ ಕಾಗದಕ್ಕಾಗಿ ದಶಕಗಳ ಕಾಲ ಕಾದವರು ಅವರಲ್ಲಿದ್ದಾರೆ.

ಜಗತ್ತಿನ ಲೆಕ್ಕವನ್ನೂ ನೋಡೋಣ. 2024ರ ಕೊನೆಗೆ ಹಿಂಸೆ, ಯುದ್ಧಗಳಿಂದ ಮನೆ ಕಳೆದುಕೊಂಡವರು 12 ಕೋಟಿ 32 ಲಕ್ಷ ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಹೇಳಿದೆ. ಗಡಿ ದಾಟಿದವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಆಶ್ರಯ ಕೊಟ್ಟಿರುವುದು ಸಿರಿವಂತ ದೇಶಗಳಲ್ಲ, ಬಡ ಹಾಗೂ ಮಧ್ಯಮ ಆದಾಯದ ದೇಶಗಳೇ. 2023ರ ಏಪ್ರಿಲ್ 15ರಂದು ಯುದ್ಧ ಹೊತ್ತಿಕೊಂಡ ಸೂಡಾನಿನಲ್ಲಿ ನೀಲನದಿಯ ನೀರುಂಡ ಗೆಜಿರಾದ ಹೊಲಗಳೇ ರಣರಂಗವಾದವು. ಓಡಿದವರಲ್ಲಿ ಲಕ್ಷಾಂತರ ಮಂದಿಗೆ ಬಾಗಿಲು ತೆರೆದದ್ದು ತಾನೇ ಬಡವಾದ ನೆರೆಯ ಚಾಡ್. ಮುಂಡರಗಿಯ ಕಥೆಯೇ ಅಲ್ಲವೇ ಇದು?

ಅಂಗಡಿಯಲ್ಲಿ ಮುಂದೆ ಎಂದಾದರೂ ಗದ್ವಾಲದ ಅಂಚನ್ನೋ ನಾರಾಯಣಪೇಟೆಯ ಚೌಕುಳಿಯನ್ನೋ ಕೈಯಲ್ಲಿ ಹಿಡಿದಾಗ ಇಷ್ಟನ್ನು ನೆನೆದರೆ ಸಾಕು. ಕಾಳಗ ಐದು ದಿನಕ್ಕೆ ನಿಂತಿತು. ನಿಂತ ಮಗ್ಗವನ್ನು ಮತ್ತೆ ನಡೆಸಲು ಮಾತ್ರ ನೂಲು ಬೇಕು, ಸಾಲ ಬೇಕು, ಪಕ್ಕದ ಮನೆಯವನ ಮೇಲೆ ಮತ್ತೆ ನಂಬಿಕೆ ಹುಟ್ಟಬೇಕು.