ಸೊಂಟಕ್ಕೆ ಬೇಕಿರೋದು ಅಪ್‌ಟೈಮ್: ಚಾಪೆ ಮೇಲೆ ಮಾಡೋ ನಾಲ್ಕು ವ್ಯಾಯಾಮ

ಇವತ್ತಿನ ವಿಷಯ ಸೊಂಟ, ಅಂದ್ರೆ ಕೆಳಬೆನ್ನು. ಊರು ಬಿಟ್ಟು ಪುಣೆ, ಹೈದರಾಬಾದ್, ಚೆನ್ನೈ ಅಂತ ಪಿಜಿಯಲ್ಲೋ ಬಾಡಿಗೆ ಫ್ಲ್ಯಾಟ್‌ನಲ್ಲೋ ಇರೋ ನಮಗೆ ಒಂದು ದಿನ ಸೊಂಟ ಹಿಡ್ಕೊಂಡ್ರೆ, ಕೈ ಹಿಡಿದು ಎಬ್ಬಿಸೋಕೂ ಪಕ್ಕದಲ್ಲಿ ಯಾರೂ ಇರಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನ 61.9 ಕೋಟಿ ಜನಕ್ಕೆ ಸೊಂಟನೋವಿತ್ತು. 2050ಕ್ಕೆ ಅದು 84.3 ಕೋಟಿ ಆಗಬಹುದು.

ಸೊಂಟ ಗಟ್ಟಿಯಾಗಬೇಕು ಅಂತ ಜಿಮ್‌ಗೆ ಹೋದ್ರೆ ಡೆಡ್‌ಲಿಫ್ಟ್ ಮಾಡಿ, ಬ್ಯಾಕ್ ಎಕ್ಸ್‌ಟೆನ್ಶನ್ ಬೆಂಚ್ ಬಳಸಿ ಅಂತಾರೆ. ಅವು ಒಳ್ಳೆಯವೇ. ಆದ್ರೆ ಉಪಕರಣ ಬೇಕು, ಸರಿಯಾಗಿ ಹೇಳಿಕೊಡೋರೂ ಬೇಕು. ಅದಿಲ್ಲದೋರಿಗೆ ಬೇರೆ ದಾರಿ ಇದೆ.

ಡೆನ್ಮಾರ್ಕಿನ ಬೀರಿಂಗ್-ಸೋರೆನ್‌ಸನ್ 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೋರಲು ಮಲಗಿಸಿ, ಸೊಂಟದಿಂದ ಮೇಲಿನ ಭಾಗವನ್ನು ಆಧಾರವಿಲ್ಲದೆ ನೇರವಾಗಿ ಎಷ್ಟು ಸೆಕೆಂಡ್ ಹಿಡಿಯಬಲ್ಲರು ಅಂತ ನೋಡಿದರು. ಹೆಚ್ಚು ಹೊತ್ತು ಹಿಡಿದ ಗಂಡಸರಲ್ಲಿ ಮುಂದಿನ ವರ್ಷ ಹೊಸದಾಗಿ ಸೊಂಟನೋವು ಬಂದದ್ದು ಕಡಿಮೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸೊಂಟದ ಸರ್ವರ್‌ಗೆ ಪೀಕ್ ಲೋಡ್‌ಗಿಂತ ಅಪ್‌ಟೈಮ್ ಮುಖ್ಯ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಇದೇ ತಾಳಿಕೆ ಬೆಳೆಸೋಕೆ ಮೂರು ವ್ಯಾಯಾಮ ಜನಪ್ರಿಯ ಮಾಡಿದರು. ಕೆಳಗಿನ ಮೊದಲ ಮೂರು ಅವೇ.

1. ಬರ್ಡ್ ಡಾಗ್: ಅಂಬೆಗಾಲಿಡೋ ಮಗುವಿನ ಹಾಗೆ ಮಂಡಿ, ಅಂಗೈ ಊರಿ. ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ. ಬೆನ್ನ ಮೇಲೆ ನೀರಿನ ಲೋಟ ಇಟ್ಟರೂ ಚೆಲ್ಲಬಾರದು, ಅಷ್ಟು ಸ್ಥಿರವಾಗಿರಲಿ. ಬೋರಲು ಮಲಗಿ ಕೈಕಾಲು ಒಟ್ಟಿಗೆ ಎತ್ತೋ ಸೂಪರ್‌ಮ್ಯಾನ್‌ಗಿಂತ ಇದರಲ್ಲಿ ಬೆನ್ನುಮೂಳೆಗೆ ಒತ್ತಡ ಕಡಿಮೆ.

2. ಸೈಡ್ ಪ್ಲ್ಯಾಂಕ್: ಒಂದು ಮಗ್ಗುಲಾಗಿ ಮಲಗಿ, ಮೊಣಕೈ ಊರಿ ಸೊಂಟ ಎತ್ತಿ. ಶುರುವಿನಲ್ಲಿ ಮಂಡಿ ಮಡಚಿ ನೆಲಕ್ಕೆ ಊರಿಕೊಂಡೇ ಮಾಡಿ. ಎರಡೂ ಬದಿ ಮಾಡಬೇಕು.

3. ಕರ್ಲ್-ಅಪ್: ಇದು ಸಿಟ್-ಅಪ್ ಬದಲಿಗೆ. ಅಂಗಾತ ಮಲಗಿ, ಒಂದು ಮಂಡಿ ಮಡಚಿ, ಎರಡೂ ಕೈ ಸೊಂಟದ ಕೆಳಗೆ ಇಡಿ. ತಲೆ, ಭುಜ ಮಾತ್ರ ಸ್ವಲ್ಪ ಎತ್ತಿ. ಸೊಂಟ ಕೈಯನ್ನು ಅಮುಕಬಾರದು.

4. ಸೇತುಬಂಧಾಸನ: ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಎತ್ತಿ. ದಿನವಿಡೀ ಕುರ್ಚಿಯಲ್ಲಿ ಕೆಲಸವಿಲ್ಲದೆ ಕೂತ ನಿತಂಬದ ಸ್ನಾಯುಗಳಿಗೆ ಇದು ಕೆಲಸ ಕೊಡುತ್ತೆ. ಬಗ್ಗಿ ಏನಾದರೂ ಎತ್ತುವಾಗ ಸೊಂಟದ ಭಾರ ಹಂಚಿಕೊಳ್ಳೋದು ಈ ಸ್ನಾಯುಗಳೇ.

ಪ್ರತಿಯೊಂದನ್ನೂ ಸುಮಾರು 10 ಸೆಕೆಂಡ್ ಹಿಡಿದು ಬಿಡಿ, ಉಸಿರು ಕಟ್ಟಬೇಡಿ. ಮೊದಲ ಸುತ್ತಿನಲ್ಲಿ 6 ಸಲ, ಆಮೇಲೆ 4, ಕೊನೆಗೆ 2. ಸುಸ್ತಾದಂತೆ ಎಣಿಕೆ ಇಳಿಯೋದ್ರಿಂದ ಭಂಗಿ ಕೆಡಲ್ಲ. ಸುಲಭ ಅನ್ನಿಸಿದ ಮೇಲೆ ಸಮಯ ಹೆಚ್ಚಿಸೋ ಬದಲು ಸಲ ಹೆಚ್ಚಿಸಿ.

ಇನ್ನೊಂದು ವಿಷಯ. ರಾತ್ರಿ ಮಲಗಿದಾಗ ಬೆನ್ನುಮೂಳೆಯ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬಿರುತ್ತವೆ. ಹಾಗಾಗಿ ಎದ್ದ ಕೂಡಲೇ ಪೂರ್ತಿ ಮುಂದಕ್ಕೆ ಬಗ್ಗಬೇಡಿ, ಒಂದು ಗಂಟೆ ಕಳೆಯಲಿ. ಸೊಂಟದ ಬೆಲ್ಟ್ ಕೊಳ್ಳೋ ಯೋಚನೆ ಇದ್ರೆ ಗಮನಿಸಿ: ದೀರ್ಘಕಾಲದ ಸೊಂಟನೋವಿಗೆ ಅದನ್ನು ನಿತ್ಯದ ಚಿಕಿತ್ಸೆಯಾಗಿ ಬಳಸೋದು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಹೇಳುತ್ತೆ. ಆದ್ರೆ ವ್ಯಾಯಾಮಕ್ಕೆ ಅದರ ಶಿಫಾರಸು ಇದೆ.

ನಾನು ಎಂಜಿನಿಯರ್, ಡಾಕ್ಟರ್ ಅಲ್ಲ. ಕಾಲಿನಲ್ಲಿ ಶಕ್ತಿ ಕುಂದಿದ್ರೆ, ತೊಡೆ ಸಂದಿಯಲ್ಲಿ ಮರಗಟ್ಟಿದ್ರೆ, ಮೂತ್ರದ ಹಿಡಿತ ತಪ್ಪಿದ್ರೆ ಚಾಪೆ ಹಾಸಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಜ್ವರದ ಜೊತೆ ನೋವಿದ್ರೆ, ಬಿದ್ದ ಮೇಲೆ ನೋವು ಶುರುವಾಗಿದ್ರೂ ಮೊದಲು ಡಾಕ್ಟರಿಗೆ ತೋರಿಸಿ. ಉಳಿದೋರಿಗೆ ದಿನಕ್ಕೆ ಹದಿನೈದು ನಿಮಿಷ ಸಾಕು. ಸ್ಟ್ಯಾಂಡ್-ಅಪ್ ಮೀಟಿಂಗ್‌ಗೆ ಮುಂಚೆ ಮುಗಿಸಿಬಿಡಿ.