ಚಾಮುಂಡಿ ಬೆಟ್ಟ ಇಳಿಯುವಾಗಲೂ ಆಕ್ಸಿಲರೇಟರ್ ಕೊಡಬೇಕು!

ಜಾವಾ ಅಂದ ಕೂಡಲೇ ನಮ್ಮ ವಯಸ್ಸಿನವರ ಕಣ್ಮುಂದೆ ಬರುವುದು ರೀಲ್ಸ್. ಮೈಸೂರಿನ ಹಿರಿಯರನ್ನು ಕೇಳಿ ನೋಡಿ, ಯಾದವಗಿರಿಯ ಫ್ಯಾಕ್ಟರಿಯ ಕಥೆ ಶುರುವಾಗುತ್ತದೆ. ಇರಾನಿ ಕುಟುಂಬದವರು 1960ರಲ್ಲಿ ಕಟ್ಟಿದ ಐಡಿಯಲ್ ಜಾವಾ ಕಂಪನಿ, ಮರುವರ್ಷದಿಂದಲೇ ಜೆಕೊಸ್ಲೊವಾಕಿಯಾ ವಿನ್ಯಾಸದ ಬೈಕುಗಳನ್ನು ಇಲ್ಲಿ ತಯಾರಿಸಿತು. 1973ರಲ್ಲಿ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮತ್ತೆ ಬಂತಾದರೂ ಆ ಬೈಕು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಎಂಜಿನ್ ಕೂಡ ಪೂರ್ತಿ ಬೇರೆ.

ನಾನು ಹೇಳಹೊರಟಿರುವುದು ಹಳೆಯ ಎಂಜಿನ್ ಬಗ್ಗೆ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವವಳು. ಆರು ಸೆಮಿಸ್ಟರ್‌ನಲ್ಲಿ ಟೂ ಸ್ಟ್ರೋಕ್ ಎಂಜಿನ್‌ಗೆ ಸಿಕ್ಕಿದ್ದು ಒಂದು ಚಿತ್ರ, ಐದು ಅಂಕ. ಆದರೆ ನಮ್ಮ ಮನೆಯ ಅಂಗಳದಲ್ಲಿ ತಾತನ 1968ರ ಜಾವಾ 250 ನಿಂತಿತ್ತು.

ಈ ಎಂಜಿನ್‌ನ ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಗುಣಿಸಿ ನೋಡಿದರೆ ಸುಮಾರು 249 ಸಿಸಿ. ಒಂದು ಕಾಲದಲ್ಲಿ ಮೈಸೂರಿನ ರಸ್ತೆಗಳಲ್ಲೂ ಓಡಾಡುತ್ತಿದ್ದ ಪ್ರೀಮಿಯರ್ ಪದ್ಮಿನಿ ಕಾರನ್ನು ತೆಗೆದುಕೊಳ್ಳಿ. ಅದರ 1089 ಸಿಸಿ ಎಂಜಿನ್‌ನಲ್ಲಿ ನಾಲ್ಕು ಸಿಲಿಂಡರ್, ಬೋರ್ 68, ಸ್ಟ್ರೋಕ್ ಅದೇ 75. ಅಂದರೆ ಒಂದೊಂದು ಸಿಲಿಂಡರಿನ ಅಳತೆ ಹೆಚ್ಚುಕಡಿಮೆ ಜಾವಾದಷ್ಟೇ. ಆದರೆ ಕಾರಿನ ಎಂಜಿನ್‌ಗೆ ವಾಲ್ವ್, ಕ್ಯಾಮ್ ಶಾಫ್ಟ್, ಪುಷ್‌ರಾಡ್, ಆಯಿಲ್ ಪಂಪ್ ಎಂದು ದೊಡ್ಡ ಸಂಸಾರ. ಜಾವಾದಲ್ಲಿ ಚಲಿಸುವ ಮುಖ್ಯ ಭಾಗಗಳು ಮೂರೇ: ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್.

ವಾಲ್ವ್ ಇಲ್ಲದೆ ಉಸಿರಾಡುವುದು ಹೇಗೆ? ಇಲ್ಲಿರುವುದೇ ನನಗೆ ತುಂಬಾ ಇಷ್ಟವಾದ ಜಾಣತನ. ಪಿಸ್ಟನ್ ಮೇಲೇರುವಾಗ ಅದರ ಕೆಳಗಿನ ಕ್ರ್ಯಾಂಕ್‌ಕೇಸ್‌ನಲ್ಲಿ ಒತ್ತಡ ಇಳಿದು, ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒಳಗೆ ನುಗ್ಗುತ್ತದೆ. ಕೆಳಗಿಳಿಯುವಾಗ ಅದೇ ಪಿಸ್ಟನ್ ಆ ಮಿಶ್ರಣವನ್ನು ಅದುಮಿ, ಸಿಲಿಂಡರ್ ಗೋಡೆಯ ಕಿಂಡಿಗಳ ಮೂಲಕ ಮೇಲಕ್ಕೆ ತಳ್ಳುತ್ತದೆ. ಹೊಗೆ ಹೋಗಲು ಎರಡು ಕಿಂಡಿ, ಅದಕ್ಕೇ ಒಂದು ಸಿಲಿಂಡರಿಗೆ ಎರಡು ಸೈಲೆನ್ಸರ್. ಅಂದಮೇಲೆ ಕ್ರ್ಯಾಂಕ್‌ಕೇಸ್ ಒಂದು ಪಂಪ್ ಇದ್ದಂತೆ. ಪಂಪ್‌ಗೆ ಎಲ್ಲೂ ತೂತು ಇರಬಾರದು. ಕ್ರ್ಯಾಂಕ್ ಹೊರಬರುವ ಎರಡೂ ಕಡೆ ರಬ್ಬರಿನ ಆಯಿಲ್ ಸೀಲ್ ಕೂತಿರುವುದು ಅದಕ್ಕಾಗಿ.

ತಾತನ ಗಾಡಿ ಸೊಳ್ಳೆ ಹೊಗೆಯ ಮೆಷಿನ್ ಆಗಿತ್ತು. ಸ್ಟಾರ್ಟ್ ಮಾಡಿದರೆ ಇಡೀ ಬೀದಿಗೆ ಬಿಳಿ ಹೊಗೆ. ಒಂದು ಗ್ಯಾರೇಜ್‌ಗೆ ಒಯ್ದಾಗ, ಎಂಜಿನ್ ಪೂರ್ತಿ ಹೋಗಿದೆ, ಬೋರ್ ಮಾಡಿಸಿ ಕ್ರ್ಯಾಂಕ್ ಕೂಡ ಬದಲಿಸಬೇಕು ಅಂದರು. ಹೇಳಿದ ಮೊತ್ತ ಕೇಳಿ ಅಪ್ಪ ಗುಜರಿಯವನ ನಂಬರ್ ಹುಡುಕತೊಡಗಿದರು. ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಅವರ ಮಾತು ತಪ್ಪು ಅನ್ನುವಂತಿರಲಿಲ್ಲ. ನಾನು ಒಂದು ತಿಂಗಳು ಟೈಮ್ ಕೇಳಿದೆ.

ತಾತನ ಪರಿಚಯದ ಹಳೆಯ ಮೇಸ್ತ್ರಿಯೊಬ್ಬರು ಇದ್ದಾರೆ, ಎಪ್ಪತ್ತು ದಾಟಿದವರು. ಬಂದವರು ಎಂಜಿನ್ ಮುಟ್ಟಲೇ ಇಲ್ಲ. ಮೊದಲು ಗಾಡಿ ನಿಂತಿದ್ದ ಜಾಗದ ನೆಲ ನೋಡಿದರು. ಆಮೇಲೆ ಗೇರ್‌ಬಾಕ್ಸಿನ ಎಣ್ಣೆ ನೋಡಿದರು.

‘ನೆಲದ ಮೇಲೆ ಒಂದು ತೊಟ್ಟೂ ಎಣ್ಣೆ ಇಲ್ಲ. ಗೇರ್‌ಬಾಕ್ಸಲ್ಲೂ ಇಲ್ಲ. ಹಂಗಾದ್ರೆ ಎಲ್ಲಿಗೋಯ್ತು, ನೀನೇ ಹೇಳವ್ವ?’

‘ಹೊಗೆಯಾಗಿ ಹೋಯ್ತು’ ಅಂದೆ. ಕ್ಲಚ್ ಕಡೆಯ ಸೀಲ್ ಸವೆದು, ಗೇರ್ ಎಣ್ಣೆಯನ್ನು ಕ್ರ್ಯಾಂಕ್‌ಕೇಸ್ ಒಳಗೆಳೆದು ಕುಡಿಯುತ್ತಿತ್ತು. ಡೈನಮೊ ಕಡೆಯ ಸೀಲ್ ಹೋಗಿದ್ದರೆ ಎಣ್ಣೆಯ ಬದಲು ಗಾಳಿ ಎಳೆದುಕೊಂಡು, ಎಂಜಿನ್ ವಿಪರೀತ ಬಿಸಿಯಾಗಿ ಪಿಸ್ಟನ್ ಕಚ್ಚಿಕೊಳ್ಳುತ್ತಿತ್ತು. ನಮ್ಮದು ಪುಣ್ಯ. ಎಡಗಡೆಯ ಕವರ್ ಬಿಚ್ಚಿ, ಕ್ಲಚ್ ಮತ್ತು ಚೈನ್ ತೆಗೆದು, ಕ್ರ್ಯಾಂಕಿನ ಹಲ್ಲುಚಕ್ರವನ್ನು ಪುಲ್ಲರ್ ಹಾಕಿ ಎಳೆದು ಹಳೆಯ ಸೀಲ್ ಕಿತ್ತಾಗ, ಅದು ಬಿಸ್ಕತ್ತಿನ ಹಾಗೆ ಮುರಿಯಿತು. ಹೊಸದು ಸಿಕ್ಕಿದ್ದು ಇಬ್ಬರು ಮಸಾಲೆ ದೋಸೆ ತಿನ್ನುವ ದುಡ್ಡಿಗೆ. ಜೊತೆಗೆ ಎರಡು ಸೈಲೆನ್ಸರಿನ ಒಳಕೊಳವೆಗಳನ್ನೂ ಎಳೆದು ತೆಗೆದು, ಕಟ್ಟಿದ್ದ ಮಸಿ ಸುಟ್ಟು ಕೆರೆದೆವು. ಅಮ್ಮ ಎರಡು ದಿನ ಮಾತಾಡಲಿಲ್ಲ, ಅಂಗಳ ಹಾಗಾಗಿತ್ತು.

ಆಮೇಲೆ ನಿತ್ಯದ ಪಾಠ. ಪಾಯಿಂಟ್ ಗ್ಯಾಪ್ ಸುಮಾರು 0.4 ಮಿ.ಮೀ. ಇರಬೇಕು. ಮೇಸ್ತ್ರಿ ಫೀಲರ್ ಗೇಜ್ ಇಲ್ಲದೆ ಹೇಳುತ್ತಾರೆ, ನನಗೆ ಗೇಜ್ ಬೇಕು. ಲೀಟರ್ ಪೆಟ್ರೋಲಿಗೆ ಅವರ ಲೆಕ್ಕ 40 ಮಿ.ಲೀ. 2ಟಿ ಆಯಿಲ್. ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡಬಾರದು. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರಿಗೂ ಒಳ್ಳೆಯದಲ್ಲ.

ಶೀರ್ಷಿಕೆಯ ವಿಷಯಕ್ಕೆ ಬರುತ್ತೇನೆ. ಕಾರಿನ ಎಂಜಿನ್‌ಗೆ ಕೆಳಗೆ ಎಣ್ಣೆಯ ಸಂಪ್ ಇರುತ್ತದೆ, ಪಂಪ್ ಎಣ್ಣೆ ಕಳಿಸುತ್ತಲೇ ಇರುತ್ತದೆ. ಜಾವಾದ ಸಿಲಿಂಡರಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆ ಮಾತ್ರ. ಚಾಮುಂಡಿ ಬೆಟ್ಟದಿಂದ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಹೆಚ್ಚು ಹೋಗುವುದಿಲ್ಲ, ಅಂದರೆ ಎಣ್ಣೆಯೂ ಇಲ್ಲ. ಆದ್ದರಿಂದ ಆಗಾಗ ಕ್ಲಚ್ ಹಿಡಿದು ಸ್ವಲ್ಪ ಆಕ್ಸಿಲರೇಟರ್ ಕೊಡಬೇಕು. ಹಿಂದೆ ಕೂತವರಿಗೆ ಇದು ಶೋಕಿಯಂತೆ ಕಾಣುತ್ತದೆ. ಐದು ಅಂಕದ ಪ್ರಶ್ನೆಗೆ ಬರೆದ ಉತ್ತರ ನನಗೆ ನಿಜವಾಗಿ ಅರ್ಥವಾಗಿದ್ದು ಆ ತಿರುವುಗಳಲ್ಲಿ.

ಗಾಡಿ ಉಳಿಯಿತು. ಆರ್‌ಸಿ ನವೀಕರಣದ ಖರ್ಚು ಅಪ್ಪ ಕೊಟ್ಟರು, ಪೆಟ್ರೋಲ್ ನನ್ನದೇ ಅಂತ ಷರತ್ತು. ಕೆಲಸ ಇನ್ನೂ ಸಿಕ್ಕಿಲ್ಲ. ಎರಡು ಇಂಟರ್‌ವ್ಯೂ ಆಗಿವೆ. ಒಂದರಲ್ಲಿ ರೆಸ್ಯೂಮೆಯಲ್ಲಿದ್ದ ‘ಜಾವಾ’ ಪದ ನೋಡಿ, ಯಾವ ವರ್ಷನ್ ಗೊತ್ತು ಎಂದು ಕೇಳಿದರು. 1968 ಅಂದೆ!

ಮೇಸ್ತ್ರಿಗೆ ಒಂದು ಕಣ್ಣಿನ ಪೊರೆ ತೆಗೆದಿದ್ದಾರೆ, ಇನ್ನೊಂದು ಬಾಕಿ. ಪಾಯಿಂಟ್ ಸೆಟ್ ಮಾಡಲು ಈಗ ನನ್ನನ್ನೇ ಕರೆಯುತ್ತಾರೆ. ಅವರ ಹತ್ತಿರ ಲೇತ್‌ನಲ್ಲಿ ಕೈಯಾರೆ ಮಾಡಿಸಿಕೊಂಡ ಪುಲ್ಲರ್‌ಗಳ ಒಂದು ಪೆಟ್ಟಿಗೆಯಿದೆ. ಯಾವುದಕ್ಕೂ ಡ್ರಾಯಿಂಗ್ ಇಲ್ಲ, ಯಾವುದು ಎಲ್ಲಿಗೆ ಅಂತ ಗೊತ್ತಿರುವುದು ಅವರೊಬ್ಬರಿಗೇ. ಭಾನುವಾರಗಳಲ್ಲಿ ಅವರ ಶೆಡ್‌ನಲ್ಲಿ ಕೂತು, ವರ್ನಿಯರ್ ಹಿಡಿದು ಒಂದೊಂದನ್ನೇ ಅಳೆದು ಶೀಟ್ ಮೇಲೆ ಬರೆಯುತ್ತಿದ್ದೇನೆ. ನಾಲ್ಕು ಮುಗಿದಿವೆ. ಕ್ಲಚ್‌ನದ್ದರ ಥ್ರೆಡ್ ಅಳತೆ ಬಾಕಿ ಇದೆ, ಅದಕ್ಕೆ ಪಿಚ್ ಗೇಜ್ ಬೇಕು. ಯಾರ ಹತ್ತಿರವಾದರೂ ಇದ್ದರೆ ಒಂದು ಭಾನುವಾರದ ಮಟ್ಟಿಗೆ ಕೊಡಿ.