ಕರ್ನಲ್‌ನೊಡನೆ ವ್ಯವಹಾರ: ಜಾಲ ಕಡತ ಸರ್ವರಿನ ನಿರ್ವಹಣೆಯಲ್ಲಿ ವಿಧಿ ಮತ್ತು ನಿರೂಪಣೆ

ಜೆ. ಎಲ್. ಆಸ್ಟಿನ್ ಅವರು 1955ರ ಹಾರ್ವರ್ಡ್ ಉಪನ್ಯಾಸಗಳಲ್ಲಿ ಮಂಡಿಸಿದ ವಾಕ್ಕ್ರಿಯಾ ವಿಚಾರವನ್ನು ಸಾಮಾನ್ಯವಾಗಿ ಸಹಜ ಭಾಷೆಗಳಿಗೆ ಅನ್ವಯಿಸಲಾಗುತ್ತದೆ. ಪ್ರಸ್ತುತ ಲೇಖನದಲ್ಲಿ ನಾವು ಅದನ್ನು ಲಿನಕ್ಸ್ ಕರ್ನಲ್‌ನೊಳಗಿನ ಎನ್‌ಎಫ್‌ಎಸ್ ಸರ್ವರಿನ, ಎಂದರೆ ಜಾಲದ ಮೂಲಕ ಕಡತಗಳನ್ನು ಹಂಚುವ ವ್ಯವಸ್ಥೆಯ, ನಿರ್ವಹಣೆಗೆ ಅನ್ವಯಿಸಿ ನೋಡುತ್ತೇವೆ.

ಹಿಂದೆ ಈ ನಿರ್ವಹಣೆಗೆಂದೇ ಪ್ರತ್ಯೇಕವಾದೊಂದು ಸಿಸ್ಟಮ್ ಕಾಲ್ ಇದ್ದಿತು. 2011ರಲ್ಲಿ ಹೊರಬಂದ 3.1ನೆಯ ಆವೃತ್ತಿಯಲ್ಲಿ ಅದನ್ನು ಕೈಬಿಡಲಾಯಿತು. ಅದರ ಸ್ಥಾನದಲ್ಲಿರುವುದು ‘/ಪ್ರಾಕ್/ಎಫ್‌ಎಸ್/ಎನ್‌ಎಫ್‌ಎಸ್‌ಡಿ’ ಎಂಬಲ್ಲಿ ತೋರುವ ಕಡತಗಳ ಸಮೂಹ. ಇವು ಡಿಸ್ಕಿನಲ್ಲಿ ಇರುವಂಥವಲ್ಲ. ಓದಿದಾಗ ಕರ್ನಲ್ ಉತ್ತರವನ್ನು ರಚಿಸಿಕೊಡುತ್ತದೆ, ಬರೆದಾಗ ಕಾರ್ಯವನ್ನು ನೆರವೇರಿಸುತ್ತದೆ.

‘ಥ್ರೆಡ್ಸ್’ ಎಂಬ ಕಡತವನ್ನು ಗಮನಿಸೋಣ. ಅದನ್ನು ಓದಿದಾಗ ದೊರೆಯುವ ‘8’ರ ಅರ್ಥ ‘ಎಂಟು ಥ್ರೆಡ್‌ಗಳಿವೆ’ ಎಂದು. ಅದಕ್ಕೆ ಬರೆದ ‘8’ರ ಅರ್ಥ ‘ಎಂಟು ಥ್ರೆಡ್‌ಗಳಿರಲಿ’ ಎಂದು. ‘0’ ಎಂದು ಬರೆದರೆ ಸರ್ವರೇ ನಿಲ್ಲುತ್ತದೆ. ಕನ್ನಡದಲ್ಲಿ ‘ಇವೆ’, ‘ಇರಲಿ’ ಎಂಬ ರೂಪಭೇದವು ತೋರುವ ಅರ್ಥವ್ಯತ್ಯಾಸವನ್ನು ಇಲ್ಲಿ ಉಕ್ತಿಯ ದಿಕ್ಕೊಂದೇ ತೋರುತ್ತದೆ. ವಿಧ್ಯರ್ಥಕ್ಕೆ ಪ್ರತ್ಯಯವಿಲ್ಲ, ಬರೆಯುವ ಕ್ರಿಯೆಯೇ ಅದರ ಗುರುತು.

ಆಸ್ಟಿನ್ ಹೇಳುವ ಔಚಿತ್ಯದ ನಿಬಂಧನೆಗಳೂ ಇಲ್ಲಿ ಕಾಣಸಿಗುತ್ತವೆ. ಮೊದಲನೆಯದು ವಕ್ತೃವಿನ ಅಧಿಕಾರ: ಬರೆಯುವ ಹಕ್ಕು ರೂಟ್ ಬಳಕೆದಾರನಿಗೆ ಸೀಮಿತ. ಎರಡನೆಯದು ಸಂದರ್ಭ: ‘ವರ್ಷನ್ಸ್’ ಕಡತಕ್ಕೆ ‘-3’ ಎಂದು ಬರೆದು ಎನ್‌ಎಫ್‌ಎಸ್‌ನ ಮೂರನೆಯ ಆವೃತ್ತಿಯನ್ನು ತೆಗೆದುಹಾಕಬಹುದು, ಆದರೆ ಸರ್ವರ್ ಚಾಲನೆಯಲ್ಲಿದ್ದರೆ ‘ಬಿಡುವಿಲ್ಲ’ ಎಂಬರ್ಥದ ದೋಷಸಂಕೇತ ಬರುತ್ತದೆ. ಮೂರನೆಯದು ರೂಪ. 2019ರ 5.3ನೆಯ ಆವೃತ್ತಿಯಿಂದ ಎನ್‌ಎಫ್‌ಎಸ್ ನಾಲ್ಕನೆಯ ಆವೃತ್ತಿಯ ಪ್ರತಿ ಕ್ಲಯಂಟಿಗೂ ಒಂದು ಕಡತಕೋಶವಿದ್ದು, ಅದರೊಳಗಿನ ‘ಸಿಟಿಎಲ್’ ಕಡತಕ್ಕೆ ‘ಎಕ್ಸ್‌ಪೈರ್’ ಎಂದು ಬರೆದರೆ ಆ ಕ್ಲಯಂಟ್ ತೆರೆದಿಟ್ಟ ಕಡತಗಳೂ ಹಿಡಿದ ಲಾಕ್‌ಗಳೂ ಬಲಾತ್ಕಾರವಾಗಿ ರದ್ದಾಗುತ್ತವೆ. ಆರು ರೋಮನ್ ಅಕ್ಷರಗಳು, ಒಂದು ಸಾಲುಮುಗಿತಾಯ, ಒಟ್ಟು ಏಳು ಬೈಟ್. ಇದರಲ್ಲಿ ಒಂದು ಬೈಟ್ ತಪ್ಪಿದರೂ ಉಕ್ತಿ ತಿರಸ್ಕೃತ.

ಆಸ್ಟಿನ್ ಉಕ್ತಿದೋಷಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ: ಕ್ರಿಯೆಯೇ ಸಂಭವಿಸದ ನಿಷ್ಫಲತೆ ಮತ್ತು ಕ್ರಿಯೆ ಸಂಭವಿಸಿಯೂ ಅಪ್ರಾಮಾಣಿಕವಾಗುವ ದುರುಪಯೋಗ. ಮೇಲಿನ ಮೂರೂ ಮೊದಲ ಬಗೆಗೆ ಸೇರಿದವು. ಕರ್ನಲ್ ಅವನ್ನು ತಡೆಯುತ್ತದೆ. ಎರಡನೆಯ ಬಗೆಯನ್ನು ಗುರುತಿಸುವ ಸಾಧನ ಅದಕ್ಕಿಲ್ಲ. ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ಇಬ್ಬರು ಸಂಶೋಧಕರು ಒಂದೇ ಸರ್ವರಿನಲ್ಲಿ ತಿದ್ದುತ್ತಿದ್ದಾರೆಂದು ಭಾವಿಸೋಣ. ಒಬ್ಬರ ಯಂತ್ರ ಸ್ಥಗಿತಗೊಂಡಿದೆಯೆಂದು ನಂಬಿ ನಿರ್ವಾಹಕರು ಮೇಲಿನ ಏಳು ಬೈಟ್‌ಗಳನ್ನು ಬರೆದರೆ, ಆ ನಂಬಿಕೆ ನಿಜವೇ ಎಂದು ಕರ್ನಲ್ ವಿಚಾರಿಸುವುದಿಲ್ಲ. ಯಂತ್ರ ಚಾಲನೆಯಲ್ಲಿದ್ದರೂ ಲಾಕ್ ಕಳೆದುಹೋಗುತ್ತದೆ. ಇನ್ನೊಬ್ಬರು ಅದನ್ನು ಪಡೆದು ಬರೆಯಬಲ್ಲರು. ಮೊದಲಿನವರ ತಿದ್ದುಪಡಿ ನಷ್ಟವಾಗಬಹುದು.

ಆದುದರಿಂದ ಇದನ್ನು ವಕ್ತೃವಿನ ಮನಸ್ಸನ್ನು ಪರಿಗಣಿಸದೆಯೇ ಫಲಿಸುವ ವಾಕ್ಕ್ರಿಯೆಯೆಂದು ನಾವು ಪರಿಗಣಿಸುತ್ತೇವೆ. ಅಧಿಕಾರ, ಸಂದರ್ಭ, ರೂಪಗಳನ್ನು ಯಂತ್ರ ಪರೀಕ್ಷಿಸಬಲ್ಲದು. ಉಕ್ತಿಯ ಹಿಂದಿನ ನಂಬಿಕೆಯ ಹೊಣೆ ಬರೆಯುವವರಲ್ಲಿಯೇ ಉಳಿಯುತ್ತದೆ.